ತಿದ್ದದೆ ಉಳಿದ ಪುಟಗಳು: ಮಾಲ್ಕಮ್ ಎಕ್ಸನ ಆತ್ಮಕಥೆ

ಮಾಲ್ಕಮ್ ಎಕ್ಸನ ಆತ್ಮಕಥೆ ನ್ಯೂಯಾರ್ಕಿನ ಗ್ರೋವ್ ಪ್ರೆಸ್ಸಿನಿಂದ ಹೊರಬಂದುದು 1965ರ ಉತ್ತರಾರ್ಧದಲ್ಲಿ. ಅಷ್ಟು ಹೊತ್ತಿಗೆ ಕಥಾನಾಯಕನೇ ಇರಲಿಲ್ಲ. ಅದೇ ವರ್ಷ ಫೆಬ್ರವರಿ 21ರಂದು, ಮ್ಯಾನ್‌ಹ್ಯಾಟನ್ನಿನ ಆಡೂಬನ್ ಸಭಾಂಗಣದಲ್ಲಿ ಭಾಷಣಕ್ಕೆ ನಿಂತವನನ್ನು ಗುಂಡಿಟ್ಟು ಕೊಂದಿದ್ದರು. ಪುಸ್ತಕಕ್ಕೆ ಮೊದಲು ಕರಾರು ಮಾಡಿಕೊಂಡಿದ್ದ ಡಬಲ್‌ಡೇ ಸಂಸ್ಥೆ ಕೊಲೆಯಾದ ಕೆಲವೇ ವಾರಗಳಲ್ಲಿ ಅದನ್ನು ಕೈಬಿಟ್ಟಿತು. ಹೆಸರಿಗೆ ಆತ್ಮಕಥೆಯಾದರೂ ಹೇಳಿದ ಬಾಯಿ ಮಾಲ್ಕಮನದು, ಬರೆದ ಕೈ ಆಲೆಕ್ಸ್ ಹೇಲಿ ಎಂಬ ಪತ್ರಕರ್ತನದು. ಅಮೆರಿಕದ ಕಪ್ಪುಜನರ ಇಪ್ಪತ್ತನೆಯ ಶತಮಾನದ ಬಾಳನ್ನು ಅರಿಯಬೇಕೆನ್ನುವವರು ಈ ಗ್ರಂಥವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ಆದರೆ ಅದನ್ನು ಓದುವ ಬಗೆಯಲ್ಲಿ ಒಂದು ರೂಢಿ ಬೆಳೆದುಬಂದಿದೆ. ಬಡತನ ಬಾಲಕನನ್ನು ಬೀದಿಗೆ ತಳ್ಳಿತು. ಬೀದಿ ಅವನನ್ನು ಕಳ್ಳನನ್ನಾಗಿಸಿತು. ಸೆರೆಮನೆಯಲ್ಲಿ ಧರ್ಮ ದೊರೆಯಿತು. ಧರ್ಮ ಅವನನ್ನು ಜನನಾಯಕನನ್ನಾಗಿ ಮಾಡಿತು. ಹೀಗೆ ಏಣಿಯ ಮೆಟ್ಟಿಲುಗಳನ್ನು ಎಣಿಸುವಂತೆ ಕಥೆಯನ್ನು ಮುಗಿಸುವುದೇ ಆ ರೂಢಿ. ಭಕ್ತರ ಚರಿತ್ರೆಗಳನ್ನು ಕೇಳಿ ಬೆಳೆದ ಕನ್ನಡ ವಾಚಕರಿಗೆ ಈ ಓದು ಇನ್ನೂ ಸುಲಭವಾಗಿ ಒಗ್ಗುತ್ತದೆ. ಗ್ರಂಥದಲ್ಲಿ ಏಣಿ ಇದ್ದೇ ಇದೆ. ಅದನ್ನು ಕಟ್ಟಿದವನೂ ಮಾಲ್ಕಮನೇ. ಆದರೆ ಆ ಏಣಿ ನಡುವೆ ಮುರಿದಿದೆ, ಮುರಿದುದನ್ನು ಯಾರೂ ಮುಚ್ಚಿಟ್ಟಿಲ್ಲ. ಈ ಗ್ರಂಥದ ಹಿರಿಮೆಯನ್ನು ಅರಸಬೇಕಾದುದು ಅಲ್ಲಿ.

ಈ ಮಾತನ್ನು ಬಿಡಿಸಿ ನೋಡಬೇಕಾದರೆ ಕಥೆ ಹೇಳಿದ ಸಂದರ್ಭವನ್ನು ಮೊದಲು ಗಮನಿಸಬೇಕು. 1963ರಲ್ಲಿ ಮಾತುಕತೆ ಮೊದಲಾದಾಗ ಮಾಲ್ಕಮ್ ನೇಷನ್ ಆಫ್ ಇಸ್ಲಾಮ್ ಎಂಬ ಪಂಥದ ಪ್ರಮುಖ ಪ್ರಚಾರಕ. ಹಾರ್ಲೆಮಿನ ಏಳನೆಯ ಮಂದಿರದ ಮುಖ್ಯಸ್ಥ. ಪಂಥದ ಗುರು ಎಲೈಜಾ ಮುಹಮ್ಮದನ ಅಪ್ಪಣೆ ಪಡೆದೇ ಪುಸ್ತಕದ ಕೆಲಸಕ್ಕೆ ಕೈಹಾಕಿದುದು. ಮೊದಲು ಬರೆಸಿದ ಅರ್ಪಣೆಯೂ ಗುರುವಿಗೇ. ರಾತ್ರಿ ದಣಿದು ಗ್ರೀನಿಚ್ ವಿಲೇಜಿನ ಹೇಲಿಯ ಕೋಣೆಗೆ ಬಂದು ಕುಳಿತರೆ ಗುರುಮಹಿಮೆಯ ಹೊರತು ಬೇರೆ ಮಾತಿಲ್ಲ. ತನ್ನ ಸ್ವಂತ ಬಾಳಿನ ಬಗ್ಗೆ ತುಟಿ ಬಿಚ್ಚಲೊಲ್ಲ. ಪುಸ್ತಕ ನಿಂತೇಹೋಗುವಂತಿತ್ತು. ಕಾಫಿಯ ಜೊತೆಗಿಟ್ಟ ಕಾಗದದ ನ್ಯಾಪ್‌ಕಿನ್ನುಗಳ ಮೇಲೆ ಅವನು ಯಾವುದೋ ಧ್ಯಾನದಲ್ಲಿ ಗೀಚಿ ಬಿಟ್ಟುಹೋಗುತ್ತಿದ್ದ ಮಾತುಗಳನ್ನು ಹೇಲಿ ಆಯ್ದು ಇಟ್ಟುಕೊಂಡು ಮನಸ್ಸಿನ ಜಾಡು ಹಿಡಿಯಬೇಕಾಯಿತು. ಕಡೆಗೆ ಒಂದು ರಾತ್ರಿ, ನಿಮ್ಮ ತಾಯಿಯ ವಿಚಾರವಾಗಿ ಏನಾದರೂ ಹೇಳಿರೆಂದು ಕೇಳಿದಾಗ ಕಟ್ಟೆಯೊಡೆಯಿತು. ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಬೆಳಗಾಗುವವರೆಗೆ ಅವನು ಹೇಳಿದ ಮಾತುಗಳೇ ಮೊದಲ ಅಧ್ಯಾಯಗಳಿಗೆ ಮೂಲವೆಂದು ಹೇಲಿ ತನ್ನ ಉಪಸಂಹಾರದಲ್ಲಿ ತಿಳಿಸುತ್ತಾನೆ.

ಕಷ್ಟದ ಕಥೆ ಧರ್ಮದ ಮಹಿಮೆಗೆ ಪೀಠಿಕೆಯಾಗಿ ಹುಟ್ಟಿದುದಲ್ಲ, ತಾಯಿಯನ್ನು ಕುರಿತ ಒಂದು ಪ್ರಶ್ನೆಗೆ ಉತ್ತರವಾಗಿ ಬಂದುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದುದರಿಂದಲೇ ಆ ಭಾಗದ ಧ್ವನಿ ಬೇರೆ. ಮಾಲ್ಕಮ್ ಲಿಟಲ್ ಹುಟ್ಟಿದುದು 1925ರಲ್ಲಿ, ನೆಬ್ರಾಸ್ಕದ ಒಮಾಹಾದಲ್ಲಿ. ತಂದೆ ಅರ್ಲ್ ಲಿಟಲ್ ಬ್ಯಾಪ್ಟಿಸ್ಟ್ ಬೋಧಕ, ಕಪ್ಪುಜನರು ಆಫ್ರಿಕದತ್ತ ಮುಖ ತಿರುಗಿಸಬೇಕೆಂದು ಸಾರಿದ ಮಾರ್ಕಸ್ ಗಾರ್ವಿಯ ಅನುಯಾಯಿ. ತಾಯಿ ಲೂಯಿಸ್ ವೆಸ್ಟ್ ಇಂಡೀಸಿನ ಗ್ರೆನಡಾದವಳು. ಆಕೆಯ ತಂದೆ ಬಿಳಿಯನಾದುದರಿಂದ ಮೈಬಣ್ಣ ತೆಳುವು. ಮಿಷಿಗನ್ನಿನ ಲ್ಯಾನ್ಸಿಂಗಿನಲ್ಲಿ ಮನೆ 1929ರಲ್ಲಿ ಬೆಂಕಿಗೆ ಆಹುತಿಯಾಯಿತು. 1931ರಲ್ಲಿ ತಂದೆ ಟ್ರಾಮಿನ ಗಾಲಿಗೆ ಸಿಕ್ಕಿ ಸತ್ತ. ಅಪಘಾತವೆಂದು ಅಧಿಕಾರಿಗಳು ಬರೆದುಕೊಂಡರು. ಬಿಳಿಯರ ಗುಂಪೊಂದು ಹೊಡೆದು ಹಳಿಯ ಮೇಲೆ ಎಸೆಯಿತೆಂದು ಮನೆಯವರು ನಂಬಿದರು. ಇಲ್ಲಿ ಗ್ರಂಥ ಕೊಡುವ ಒಂದು ವಿವರ ಮನನೀಯವಾಗಿದೆ. ಸತ್ತವನಿಗೆ ಎರಡು ವಿಮಾ ಪಾಲಿಸಿಗಳಿದ್ದುವು. ಸಣ್ಣ ಪಾಲಿಸಿಯ ಹಣ ಬಂತು. ದೊಡ್ಡದರ ಕಂಪನಿ, ಇದು ಆತ್ಮಹತ್ಯೆ ಎಂದು ವಾದಿಸಿ ಹಣ ಕೊಡಲಿಲ್ಲ. ತಲೆಯೊಡೆದುಕೊಂಡ ಮನುಷ್ಯ ಆಮೇಲೆ ನಡೆದು ಹೋಗಿ ಹಳಿಯ ಮೇಲೆ ಮಲಗುವುದೆಂತು ಎಂಬ ಕುಟುಂಬದ ಪ್ರಶ್ನೆಗೆ ಕ್ಲೇಮಿನ ಕಾಗದದಲ್ಲಿ ಉತ್ತರಿಸುವ ಅಂಕಣವಿರಲಿಲ್ಲ. ಕಂತು ಕಟ್ಟಿ ಆಪತ್ತಿಗೆಂದು ಕೂಡಿಟ್ಟ ಹಣ ಒಂದು ಷರಾದಿಂದ ಇಲ್ಲವಾದುದು ಈ ಮನೆಯ ಪತನಕ್ಕೆ ತಂದೆಯ ಸಾವಿನಷ್ಟೇ ದೊಡ್ಡ ಕಾರಣ. ವಿಮರ್ಶಕರು ಸಾವಿನ ಬಗ್ಗೆ ಬಹಳ ಬರೆದಿದ್ದಾರೆ, ಪಾಲಿಸಿಯ ಬಗ್ಗೆ ಅಷ್ಟಾಗಿ ಬರೆದಿಲ್ಲ.

ಅಲ್ಲಿಂದ ಮುಂದಿನದು ಅಂಗಡಿಯ ಸಾಲ, ಹಳಸಿದ ರೊಟ್ಟಿಯ ಚೀಲ, ಹಿತ್ತಲಿನಲ್ಲಿ ಬೆಳೆದ ಕಾಡುಸೊಪ್ಪನ್ನು ಬೇಯಿಸಿದ ಊಟ, ಹುಲ್ಲು ತಿನ್ನುವವರೆಂದು ನೆರೆಮಕ್ಕಳ ಗೇಲಿ. ಸರಕಾರದ ಪರಿಹಾರಧನ ಬಂತು. ಅದರ ಬೆನ್ನಿಗೇ ಅಧಿಕಾರಿಗಳೂ ಬಂದರು. ಹಣ ಕೊಟ್ಟವರಿಗೆ ಮನೆಯೊಳಗೆ ಬಂದು ಪ್ರಶ್ನಿಸುವ ಹಕ್ಕೂ, ಮಕ್ಕಳನ್ನು ಬೇರೆ ಬೇರೆಯಾಗಿ ಕರೆದು ತಾಯಿಯ ವಿಚಾರ ಕೇಳುವ ಹಕ್ಕೂ ತಾವಾಗಿ ಬಂದುವು. ನೆರೆಯ ರೈತನೊಬ್ಬ ಕೊಡಲು ಬಂದ ಹಂದಿಯ ಮಾಂಸವನ್ನು ಲೂಯಿಸ್ ತನ್ನ ಧಾರ್ಮಿಕ ನಿಯಮಕ್ಕನುಸಾರವಾಗಿ ಒಲ್ಲೆನೆಂದಳು. ಹಸಿದ ಮಕ್ಕಳಿದ್ದೂ ಆಹಾರವನ್ನು ತಿರಸ್ಕರಿಸಿದವಳು ಹುಚ್ಚಿಯೇ ಸರಿ ಎಂದು ಅವರು ಬಗೆದರು. 1939ರಲ್ಲಿ ಆಕೆಯನ್ನು ಕಲಮಜೂ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು, ಹೊರಬಂದುದು 1963ರಲ್ಲಿ. ಮಕ್ಕಳು ಸಾಕುಮನೆಗಳಿಗೆ ಹಂಚಿಹೋದರು. ಈ ಪುಟಗಳಲ್ಲಿ ದೇವರಿಲ್ಲ, ಗುರುವಿಲ್ಲ, ಬರಲಿರುವ ಉದ್ಧಾರದ ಸೂಚನೆಯೂ ಇಲ್ಲ. ಇಡೀ ಗ್ರಂಥದಲ್ಲಿ ಇಷ್ಟು ನಿರಾಭರಣವಾದ ಬರವಣಿಗೆ ಮತ್ತೊಂದೆಡೆ ಸಿಕ್ಕುವುದಿಲ್ಲ.

ಶಾಲೆಯ ಪ್ರಸಂಗ ಬಹು ಪ್ರಸಿದ್ಧವಾದುದರಿಂದ ಅದನ್ನು ಬೆಳೆಸಬೇಕಾಗಿಲ್ಲ. ತರಗತಿಯ ನಾಯಕನಾಗಿದ್ದ ಜಾಣ ಹುಡುಗ ವಕೀಲನಾಗುವೆನೆಂದಾಗ, ಅದು ನಿನ್ನ ಜನಾಂಗಕ್ಕೆ ಸಲ್ಲದ ಆಸೆ, ಬಡಗಿಯಾಗು ಎಂದು ಬಿಳಿಯ ಉಪಾಧ್ಯಾಯ ಸಲಹೆ ಕೊಟ್ಟ. ಸಲಹೆಯಲ್ಲಿ ಕ್ರೌರ್ಯವಿರಲಿಲ್ಲ, ಒಂದು ಬಗೆಯ ಸಜ್ಜನಿಕೆಯೇ ಇತ್ತು. ಅದು ನಾಟಿದುದೂ ಅದಕ್ಕೇ.

1941ರಲ್ಲಿ ಮಾಲ್ಕಮ್ ಮಲಸೋದರಿ ಎಲಾಳ ಬಳಿಗೆ ಬಾಸ್ಟನ್ನಿಗೆ ಹೋಗುವುದರೊಂದಿಗೆ ಗ್ರಂಥದ ಗತಿ ಬದಲಾಗುತ್ತದೆ. ನೃತ್ಯಶಾಲೆಯಲ್ಲಿ ಬೂಟುಗಳಿಗೆ ಪಾಲಿಷ್ ಹಾಕುವುದು, ರೈಲಿನಲ್ಲಿ ತಿಂಡಿ ಮಾರುವುದು, ಹಾರ್ಲೆಮಿನ ಹೋಟೆಲಿನಲ್ಲಿ ಪರಿಚಾರಕನ ಕೆಲಸ, ಆಮೇಲೆ ಗಾಂಜಾ, ದರೋಡೆ, ಮನೆಗನ್ನ. ಇಲ್ಲಿಯ ವಾಕ್ಯಗಳಲ್ಲಿ ಕುಣಿತವಿದೆ, ಆ ಲೋಕದ ಪರಿಭಾಷೆಯ ಸೊಗಸಿದೆ. ಪಶ್ಚಾತ್ತಾಪದ ಮಾತು ಆಗಾಗ ಇಣುಕಿದರೂ ಕಥನದ ಉತ್ಸಾಹ ಅದನ್ನು ಮೀರುತ್ತದೆ. ಈ ಅಧ್ಯಾಯಗಳ ಪಾತ್ರಗಳಲ್ಲಿ ಮರೆಯಲಾಗದವನು ವೆಸ್ಟ್ ಇಂಡಿಯನ್ ಆರ್ಚಿ. ಮುಂಬಯಿಯ ವಾಚಕರು ಮಟ್ಕಾ ಎಂದು ಕೂಡಲೇ ಗುರುತಿಸಬಹುದಾದ, ಅಲ್ಲಿ ನಂಬರ್ಸ್ ಎಂದು ಕರೆಯುವ ಅಂಕಿಯ ಜೂಜಿನಲ್ಲಿ ಅವನದು ಪಣ ವಸೂಲಿಯ ಕೆಲಸ. ಯಾರು ಯಾವ ಅಂಕಿಗೆ ಎಷ್ಟು ಹಣ ಕಟ್ಟಿದರೆಂಬುದನ್ನು ಅವನು ಎಂದೂ ಚೀಟಿಯಲ್ಲಿ ಬರೆದಿಟ್ಟವನಲ್ಲ, ಎಲ್ಲವೂ ತಲೆಯಲ್ಲಿ. ಬೇರೊಂದು ಸಮಾಜದಲ್ಲಿ ಹುಟ್ಟಿದ್ದರೆ ಆ ಗಣಿತಶಕ್ತಿಗೆ ಬೇರೆಯೇ ಗತಿಯಿತ್ತೆಂದು ಮಾಲ್ಕಮ್ ಹೇಳುತ್ತಾನೆ. ಅಪರಾಧವನ್ನು ಕುರಿತ ಹತ್ತಾರು ಸಮಾಜಶಾಸ್ತ್ರೀಯ ಪ್ರಬಂಧಗಳು ಹೇಳುವುದನ್ನು ಈ ಒಬ್ಬ ಮನುಷ್ಯನ ಚಿತ್ರ ಹೇಳಿಬಿಡುತ್ತದೆ. ಯಾವ ಬ್ಯಾಂಕಿನ ಗುಮಾಸ್ತಗಿರಿಯೂ ಹಾರ್ಲೆಮಿನ ಆರ್ಚಿಗಾಗಿ ಕಾದಿರಲಿಲ್ಲ.

ಆದರೂ ಈ ಅಧ್ಯಾಯಗಳನ್ನು ಅಕ್ಷರಶಃ ನಂಬುವಂತಿಲ್ಲ. ಮಾಲ್ಕಮ್ ತನ್ನ ಅಪರಾಧಗಳನ್ನು ಹಿಗ್ಗಿಸಿ ಹೇಳಿದ್ದಾನೆಂದು 2011ರಲ್ಲಿ ಪ್ರಕಟವಾದ ಜೀವನಚರಿತ್ರೆಯಲ್ಲಿ ಮ್ಯಾನಿಂಗ್ ಮೆರಬಲ್ ಅವರು ವಾದಿಸಿದ್ದಾರೆ. ಕಾರಣ ಊಹಿಸಲು ಕಷ್ಟವಿಲ್ಲ. ಕೂಪ ಆಳವಾದಷ್ಟೂ ಎತ್ತಿದ ಕೈಯ ಹಿರಿಮೆ ಹೆಚ್ಚು. ಸಂತ ಅಗಸ್ಟೀನನ ಕಾಲದಿಂದಲೂ ಪರಿವರ್ತನೆಯ ಕಥೆಗಳು ಈ ನ್ಯಾಯಕ್ಕೆ ಒಳಪಟ್ಟಿವೆ. ವಡ್ಡಾರಾಧನೆಯ ವಿದ್ಯುಚ್ಚೋರ ಕಳ್ಳನಾಗಿದ್ದು ರಿಸಿಯಾದವನು. ಹನ್ನೆರಡನೆಯ ಶತಮಾನದ ಕನ್ನದ ಮಾರಿತಂದೆಯಂತೂ ಕನ್ನ ಕೊರೆಯುವವನ ಮಾತನ್ನೇ ಅನುಭಾವದ ರೂಪಕವನ್ನಾಗಿ ಮಾಡಿಕೊಂಡ. ಅಲ್ಲೆಲ್ಲ ಹಿಂದಿನ ಪಾಪ ಮುಂದಿನ ಪುಣ್ಯದ ಬೆಳಕಿನಲ್ಲಿ ಕರಗಿಹೋಗುತ್ತದೆ. ಅದು ನಡೆದ ಬಗೆ ಹೇಗೆ, ಎಷ್ಟು ಎಂದು ಯಾರೂ ಕೇಳುವುದಿಲ್ಲ. ಮಾಲ್ಕಮನ ಗ್ರಂಥದಲ್ಲಿ ಕೇಳಲು ಎಡೆಯಿದೆ, ಏಕೆಂದರೆ ಗ್ರಂಥವೇ ತನ್ನ ವಿರುದ್ಧ ಸಾಕ್ಷಿ ನುಡಿಯುತ್ತದೆ. ಕನ್ನಗಳ್ಳರ ತಂಡದ ಮುಂದೆ ತನ್ನ ನಾಯಕತ್ವವನ್ನು ಸ್ಥಾಪಿಸಲು ಅವನು ಒಂದೇ ಗುಂಡು ಹಾಕಿದ ಪಿಸ್ತೂಲನ್ನು ತನ್ನ ತಲೆಗೇ ಇಟ್ಟುಕೊಂಡು ಮೂರು ಬಾರಿ ಕುದುರೆ ಎಳೆದನೆಂಬ ಪ್ರಸಂಗ ಮೂಲಕಥೆಯಲ್ಲಿ ಬರುತ್ತದೆ. ಆ ಗುಂಡನ್ನು ಅಂಗೈಯಲ್ಲಿ ಅಡಗಿಸಿಕೊಂಡಿದ್ದೆನೆಂದು ಅವನೇ ಆಮೇಲೆ ಹೇಲಿಗೆ ಒಪ್ಪಿಕೊಂಡ. ತಿದ್ದೋಣವೇ ಎಂದರೆ ಬೇಡವೆಂದ; ಇಂದು ತಾನು ಮಾಡುತ್ತಿರುವುದೂ ಇಂಥದೇ ಬೂಟಾಟಿಕೆಯೆಂದು ಜನ ಆಡಿಕೊಳ್ಳುವರೆಂಬುದು ಅವನ ಅಂಜಿಕೆ. ಹೀಗಾಗಿ ಪ್ರಸಂಗ ಒಂದೆಡೆಯೂ ಅದರ ನಿಜ ಇನ್ನೊಂದೆಡೆಯೂ ಉಳಿದುವು. ಕೊನೆಯವರೆಗೆ ಓದುವ ತಾಳ್ಮೆಯಿಲ್ಲದವರಿಗೆ ಮೊದಲನೆಯದು ಮಾತ್ರ ದಕ್ಕುತ್ತದೆ.

ಕದ್ದ ಕೈಗಡಿಯಾರವೊಂದನ್ನು ರಿಪೇರಿಗೆ ಕೊಟ್ಟು 1946ರಲ್ಲಿ ಅವನು ಸಿಕ್ಕಿಬಿದ್ದ. ಎಂಟರಿಂದ ಹತ್ತು ವರ್ಷಗಳ ಶಿಕ್ಷೆ. ಇಪ್ಪತ್ತೊಂದು ತುಂಬದ, ಹಿಂದೆ ಸೆರೆ ಕಾಣದ ತರುಣನಿಗೆ ಇದು ವಿಪರೀತ. ಕಳ್ಳತನಕ್ಕಿಂತ ಬಿಳಿಯ ಹೆಂಗಸರ ಸಹವಾಸಕ್ಕಾಗಿಯೇ ದಂಡನೆ ಹೆಚ್ಚಿತೆಂಬ ಅವನ ಆರೋಪ ನಿರಾಧಾರವೆನಿಸುವುದಿಲ್ಲ. ಇಲ್ಲಿಂದ ಸತತವಾಗಿ ಬರುವ ಮೂರು ಅಧ್ಯಾಯಗಳ ಹೆಸರುಗಳು ‘ಸೈತಾನ’, ‘ಉದ್ಧೃತ’, ‘ಉದ್ಧಾರಕ’ ಎಂಬರ್ಥದವು. ದೇವರನ್ನು ಬೈಯುತ್ತಿದ್ದುದರಿಂದ ಸಹಬಂದಿಗಳು ಅವನಿಗೆ ಮೊದಲನೆಯ ಹೆಸರನ್ನಿಟ್ಟಿದ್ದರು. ತಮ್ಮ ರೆಜಿನಾಲ್ಡನಿಂದ ಪತ್ರ ಬಂತು: ಹಂದಿಯ ಮಾಂಸವನ್ನೂ ಸಿಗರೇಟನ್ನೂ ಬಿಟ್ಟುಬಿಡು, ಸೆರೆಯಿಂದ ಹೊರಬರುವ ದಾರಿಯನ್ನು ತೋರಿಸುತ್ತೇನೆ. ಮಾಲ್ಕಮ್ ಊಟದ ಮೇಜಿನಲ್ಲಿ ಮಾಂಸದ ತಟ್ಟೆಯನ್ನು ಮುಂದಕ್ಕೆ ಸಾಗಿಸಿದ. ಅವನು ಹೊಸ ಧರ್ಮದತ್ತ ಇಟ್ಟ ಮೊದಲ ಹೆಜ್ಜೆಯೆಂದು ಗ್ರಂಥ ಇದನ್ನು ಬಣ್ಣಿಸುತ್ತದೆ. ಆದರೆ ಇದೇ ನಿರಾಕರಣೆಗಾಗಿ ತಾಯಿಯ ಮೇಲೆ ಹುಚ್ಚಿನ ಮುದ್ರೆ ಬಿದ್ದಿತ್ತೆಂಬುದನ್ನು ವಾಚಕ ಮರೆತಿರುವುದಿಲ್ಲ. ಗ್ರಂಥ ಎರಡನ್ನೂ ಜೋಡಿಸಿ ಎತ್ತಿ ತೋರಿಸುವುದಿಲ್ಲ. ಪುಟಗಳ ದೂರದಲ್ಲಿ ಅವು ಒಂದನ್ನೊಂದು ನೋಡುತ್ತ ನಿಂತಿವೆ. ಶ್ರದ್ಧೆ ಹೊರಗಿನಿಂದ ಬಂದ ಬೆಳಕೆಂದು ಅವನು ತಿಳಿದ. ಅದರ ಮೊದಲ ನಿಯಮವನ್ನು ಅವನು ಬಾಲ್ಯದಲ್ಲಿ ತಾಯಿಯ ಅಡಿಗೆಮನೆಯಲ್ಲೇ ಕಂಡಿದ್ದ.

ಮೊಣಕಾಲೂರಿ ಪ್ರಾರ್ಥಿಸಲು ಅವನಿಗೆ ಒಂದು ವಾರವೇ ಹಿಡಿಯಿತು. ನಿಘಂಟನ್ನು ಮೊದಲ ಪುಟದಿಂದ ಹಿಡಿದು ಪ್ರತಿಮಾಡಿಕೊಂಡ ಸಾಹಸವೂ, ದೀಪ ಆರಿದ ಮೇಲೆ ಓಣಿಯ ಮಂದ ಬೆಳಕಿನಲ್ಲಿ ಓದಿದ ಸಾಹಸವೂ ಸುಪ್ರಸಿದ್ಧ. ಆ ಓದಿನಲ್ಲಿ ಭಾರತವೂ ಬರುತ್ತದೆ: ಈಸ್ಟ್ ಇಂಡಿಯಾ ಕಂಪನಿ ದೇಶವನ್ನು ತುಂಡುತುಂಡಾಗಿ ಕಬಳಿಸಿದ ಬಗೆ, 1857ರ ದಂಗೆ, ಗಾಂಧೀಜಿಯವರ ಹೋರಾಟ. ಮ್ಯಾಸಚೂಸೆಟ್ಸಿನ ಸೆರೆಮನೆಯೊಂದರಲ್ಲಿ ಕಪ್ಪು ಬಂದಿಯೊಬ್ಬ ಕಂಪನಿ ಸರಕಾರದ ಲೆಕ್ಕ ತೆಗೆದು ನೋಡುತ್ತಿದ್ದುದು ಸ್ವಾರಸ್ಯದ ಸಂಗತಿ. ಬಿಳಿಯ ಮನುಷ್ಯನೇ ಸೈತಾನನೆಂಬ ಎಲೈಜಾ ಮುಹಮ್ಮದನ ಸಿದ್ಧಾಂತ ಶಾಸ್ತ್ರದೃಷ್ಟಿಯಿಂದ ಬಾಲಿಶವಾದುದು. ಲೋಕದ ಮುಸ್ಲಿಮರಾರೂ ಒಪ್ಪದಂಥದು. ಆದರೆ ಟ್ರಾಮಿನ ಹಳಿ, ವಿಮೆಯ ಷರಾ, ಆಸ್ಪತ್ರೆಯ ಬಾಗಿಲು, ಉಪಾಧ್ಯಾಯನ ಸಲಹೆ ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿಕೊಟ್ಟ ವಿವರಣೆ ಅವನ ಬಾಳಿನಲ್ಲಿ ಅಲ್ಲಿಯವರೆಗೆ ಅದೊಂದೇ. ಸುಳ್ಳಾದ ಪುರಾಣ ನಿಜವಾದ ನೋವಿಗೆ ಹೆಸರು ಕೊಟ್ಟಿತು. ಲಿಟಲ್ ಎಂಬ ಹೆಸರು ಒಡೆಯರು ಕೊಟ್ಟುದೆಂದು ಅದನ್ನು ತ್ಯಜಿಸಿ, ಕಳೆದುಹೋದ ಆಫ್ರಿಕದ ಹೆಸರಿಗೆ ಬದಲಾಗಿ ಎಕ್ಸ್ ಎಂಬ ಅಜ್ಞಾತದ ಗುರುತನ್ನು ಧರಿಸಿ, 1952ರಲ್ಲಿ ಅವನು ಹೊರಬಂದ.

ಶ್ರದ್ಧೆಯ ಬೆಲೆಯನ್ನು ಗ್ರಂಥ ತನಗರಿವಿಲ್ಲದೆಯೇ ತೋರಿಸುವುದು ರೆಜಿನಾಲ್ಡನ ಪ್ರಸಂಗದಲ್ಲಿ. ಅಣ್ಣನಿಗೆ ದಾರಿ ತೋರಿದ ಈ ತಮ್ಮನನ್ನು ಸ್ತ್ರೀಸಂಬಂಧದ ನಿಯಮಭಂಗಕ್ಕಾಗಿ ಪಂಥ ಹೊರಗಿಟ್ಟಿತು. ಮಾಲ್ಕಮ್ ತಮ್ಮನ ಪಕ್ಷ ವಹಿಸದೆ ಗುರುವಿನ ಪಕ್ಷ ವಹಿಸಿದ. ತಮ್ಮನ ಬುದ್ಧಿ ಕದಡಿದಾಗ ಅದನ್ನು ದೈವದ ಶಿಕ್ಷೆಯೆಂದು ನಂಬಿದ. ತಾಯಿಯ ಚಿತ್ತಭ್ರಮಣೆಗೆ ಸರಕಾರವನ್ನು ಹೊಣೆ ಮಾಡಿದವನು ತಮ್ಮನ ಚಿತ್ತಭ್ರಮಣೆಗೆ ದೇವರನ್ನು ಸಾಕ್ಷಿಯಾಗಿ ಕರೆದ! ಇಷ್ಟೂ ಸಾಲದೆಂಬಂತೆ, ಕೆಲವು ಅಧ್ಯಾಯಗಳ ತರುವಾಯ ಗುರುವೇ ತನ್ನ ಕಾರ್ಯದರ್ಶಿನಿಯರಲ್ಲಿ ಮಕ್ಕಳನ್ನು ಪಡೆದ ವಿಚಾರ ಹೊರಬೀಳುತ್ತದೆ. 1964ರಲ್ಲಿ ಇಬ್ಬರು ಹೆಂಗಸರು ನ್ಯಾಯಾಲಯಕ್ಕೂ ಹೋದರು. ರೆಜಿನಾಲ್ಡನ ಪುಟಗಳು ಮಾತ್ರ ಇದ್ದಂತೆಯೇ ಇವೆ.

ಅವು ಇದ್ದಂತೆಯೇ ಉಳಿದುದು ಹೇಗೆಂಬುದು ಈ ಗ್ರಂಥದ ರಚನೆಯ ಕೇಂದ್ರಪ್ರಶ್ನೆ. 1963ರ ಡಿಸೆಂಬರಿನಲ್ಲಿ ಕೆನಡಿಯ ಹತ್ಯೆಯನ್ನು ಕುರಿತು ಆಡಿದ ಒಂದು ಕಟುಮಾತಿಗಾಗಿ ಗುರು ಅವನಿಗೆ 90 ದಿನಗಳ ಮೌನವನ್ನು ವಿಧಿಸಿದ. ಮರುವರ್ಷದ ಮಾರ್ಚಿನಲ್ಲಿ ಅವನು ಪಂಥವನ್ನು ಬಿಟ್ಟ. ಆಗ ಪುಸ್ತಕದ ಬಹುಭಾಗ ಸಿದ್ಧವಾಗಿತ್ತು. ಹಸ್ತಪ್ರತಿಯನ್ನು ತರಿಸಿಕೊಂಡು, ಗುರುವನ್ನು ತಂದೆಯಂತೆ ಕೊಂಡಾಡಿದ ಎಡೆಗಳನ್ನೆಲ್ಲ ಕೆಂಪು ಶಾಯಿಯಿಂದ ತಿದ್ದತೊಡಗಿದ. ಹೇಲಿ ಗಾಬರಿಗೊಂಡು, ಮುಂದೆ ಬರುವುದು ಹಿಂದೆಯೇ ತಿಳಿದುಹೋದರೆ ಕಥೆಯ ಕುತೂಹಲ ಕೆಡುವುದೆಂದು ಬೇಡಿಕೊಂಡ. ಇದು ಯಾರ ಪುಸ್ತಕವೆಂದು ಮಾಲ್ಕಮ್ ಮೊದಲು ಸಿಡುಕಿದರೂ ಆಮೇಲೆ ಒಪ್ಪಿದ. ಹೇಲಿಯ ವಾದ ಶುದ್ಧ ವ್ಯಾಪಾರಿಯ ವಾದ, ಪುಸ್ತಕ ಓಡಬೇಕೆಂಬವನ ಎಚ್ಚರ. ಆದರೆ ಅದರ ಫಲ ಇಬ್ಬರ ಉದ್ದೇಶವನ್ನೂ ಮೀರಿದುದು. ಶರಣಾಗತನಾದ ಮಾಲ್ಕಮ್ ಶರಣಾಗತನ ಮಾತಿನಲ್ಲಿಯೇ ಮಾತನಾಡುತ್ತಾನೆ; ಭ್ರಮೆ ಹರಿದವನು ತನ್ನ ಮಾತಿನಲ್ಲಿ. ಸಾಮಾನ್ಯವಾಗಿ ಆತ್ಮಕಥೆಗಾರ ಕೊನೆಯ ಪುಟದ ತಿಳಿವಳಿಕೆಯನ್ನು ಮೊದಲ ಪುಟದಲ್ಲಿಯೇ ಚೆಲ್ಲಿ, ತಾನು ಎಂದೂ ಪೂರ್ತಿ ಮೋಸಹೋಗಿರಲಿಲ್ಲವೆಂಬಂತೆ ಬರೆಯುತ್ತಾನೆ. ಈ ಗ್ರಂಥಕ್ಕೆ ಆ ಅವಕಾಶ ತಪ್ಪಿಹೋದುದು ಸಾಹಿತ್ಯದ ಭಾಗ್ಯ.

ಮೆಕ್ಕಾ ಯಾತ್ರೆಯ ಅಧ್ಯಾಯವನ್ನು ಗ್ರಂಥದ ಶಿಖರವೆಂದು ಎಣಿಸುವುದುಂಟು. 1964ರ ಏಪ್ರಿಲಿನಲ್ಲಿ, ಬಿಳಿಬಣ್ಣದ ಯಾತ್ರಿಕರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡ ಅನುಭವ ಅವನ ಜನಾಂಗದ್ವೇಷದ ಬೇರನ್ನು ಸಡಿಲಿಸಿತೆಂಬುದು ದಿಟ. ಆದರೆ ಬರವಣಿಗೆಯ ದೃಷ್ಟಿಯಿಂದ ಇದು ಶಿಖರವಲ್ಲ. ಇಲ್ಲಿ ಅವಸರವಿದೆ, ಊರಿನವರಿಗೆ ಬರೆದ ಪತ್ರಗಳ ಸಾರ್ವಜನಿಕ ಧ್ವನಿಯಿದೆ. ಯುವರಾಜ ಫೈಸಲನ ಕೃಪೆಯಿಂದ ರಾಜ್ಯದ ಅತಿಥಿಯಾದವನಿಗೆ ಕಂಡ ಸಮಾನತೆ ಎಷ್ಟರಮಟ್ಟಿಗೆ ಆ ನಾಡಿನ ನಿತ್ಯಜೀವನದ್ದೆಂದು ಅವನು ವಿಚಾರಿಸಿ ನೋಡುವುದಿಲ್ಲ. ಆ ದೇಶದಲ್ಲಿ ಗುಲಾಮಗಿರಿಯನ್ನು ರಾಜಾಜ್ಞೆಯಿಂದ ರದ್ದುಮಾಡಿ ಆಗ ಎರಡು ವರ್ಷಗಳೂ ತುಂಬಿರಲಿಲ್ಲ. ಆದರೂ ಅವನ ಕಣ್ಣು ಪೂರ್ತಿ ಕುರುಡಾಗಿರಲಿಲ್ಲ: ಯಾತ್ರಿಕರ ಜಂಗುಳಿಯಲ್ಲಿ ಒಂದೇ ಬಣ್ಣದವರು ತಾವಾಗಿಯೇ ಒಂದೆಡೆ ಸೇರುತ್ತಿದ್ದುದನ್ನು ಅವನು ಗುರುತಿಸಿದ್ದಾನೆ. ಒಂದು ಉದ್ಧಾರದ ಕಥೆ ಒಡೆದ ಮೇಲೆ ಇನ್ನೊಂದನ್ನು ಬೇಗನೆ ಕಟ್ಟಿಕೊಳ್ಳುವ ಮನುಷ್ಯಸಹಜವಾದ ಹಂಬಲ ಈ ಪುಟಗಳಲ್ಲಿ ಕಾಣುತ್ತದೆ. ಇದಕ್ಕಿಂತ ಸತ್ತ್ವವುಳ್ಳದ್ದು ಒಂದು ಸಣ್ಣ ವಿಷಾದ. ತಾನೇನು ಮಾಡಬಹುದೆಂದು ಕೇಳಿಕೊಂಡು ಬಂದ ಬಿಳಿಯ ವಿದ್ಯಾರ್ಥಿನಿಗೆ, ಏನನ್ನೂ ಮಾಡಲಾಗದೆಂದು ಹೇಳಿ ಕಳುಹಿಸಿದ್ದ ಹಳೆಯ ಪ್ರಸಂಗವನ್ನು ಕೊನೆಯ ಅಧ್ಯಾಯದಲ್ಲಿ ನೆನೆದು ಅವನು ನೊಂದುಕೊಳ್ಳುತ್ತಾನೆ. ಆ ಹಳೆಯ ಉತ್ತರವನ್ನೂ ಗ್ರಂಥ ಅಳಿಸಿಲ್ಲ.

ಹೇಲಿಯ ಕೈ ಎಲ್ಲೆಡೆಯೂ ಹೀಗೆ ಉಪಕಾರ ಮಾಡಿದೆಯೆನ್ನಲಾಗದು. ಬಿಳಿಯರೊಂದಿಗೆ ಕೂಡಿ ಬಾಳುವುದರಲ್ಲಿ ನಂಬಿಕೆಯಿದ್ದವನು ಅವನು. ಮಾಲ್ಕಮನ ಕೊನೆಯ ವರ್ಷದ ರಾಜಕೀಯಕ್ಕೆ, 1964ರ ಜೂನಿನಲ್ಲಿ ಕಟ್ಟಿದ ಆಫ್ರೋ-ಅಮೆರಿಕನ್ ಐಕ್ಯ ಸಂಘಟನೆಯ ಕಾರ್ಯಕ್ರಮಕ್ಕೆ, ಗ್ರಂಥದಲ್ಲಿ ದೊರೆತ ಜಾಗ ತೀರ ಕಡಿಮೆ. ಅಚ್ಚಾಗದೆ ಉಳಿದ ಅಧ್ಯಾಯವೊಂದನ್ನು 2018ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಷೋಂಬರ್ಗ್ ಕೇಂದ್ರ ಹರಾಜಿನಲ್ಲಿ ಕೊಂಡಿತು. ಗ್ರಂಥದ ರೂಪದ ವಿಚಾರ ಇನ್ನು ಅದನ್ನು ಬಿಟ್ಟು ನಡೆಯುವಂತಿಲ್ಲ.

ಈ ಕಥೆ ಭಾರತಕ್ಕೆ ಬಂದುದು ಬಳಸುದಾರಿಯಲ್ಲಿ. ಮಾಲ್ಕಮನನ್ನು ಹಿರಿಯನೆಂದು ಭಾವಿಸಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ 1966ರಲ್ಲಿ ಹುಟ್ಟಿತು. ಅದರ ಹೆಸರನ್ನು ಹೊತ್ತ ದಲಿತ ಪ್ಯಾಂಥರ್ 1972ರಲ್ಲಿ ಮುಂಬಯಿಯಲ್ಲಿ. ಆ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಬಂದ ದಲಿತ ಆತ್ಮಕಥೆಗಳನ್ನು ಇದರ ಪಕ್ಕದಲ್ಲಿಟ್ಟು ಓದುವವರು ಒಂದು ಭೇದವನ್ನು ಕಾಣಬಹುದು. ಹಸಿವು ಅವಮಾನಗಳು ಎರಡೆಡೆಯೂ ಸಮಾನ. ಆದರೆ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಂಥ ಗ್ರಂಥದ ನಗೆಗೆ ಯಾವ ಉದ್ಧಾರಕನ ಊರೆಗೋಲೂ ಬೇಕಾಗಲಿಲ್ಲ. ಮಾಲ್ಕಮನಿಗೆ ನಗೆಯಿತ್ತು, ಹರಿತವಾದುದೇ ಇತ್ತು. ತನ್ನ ಬಾಲ್ಯವನ್ನು ನೋಡಿ ನಗುವಷ್ಟು ಬಿಡುವು ದೊರೆಯಲಿಲ್ಲ. ತೀರಿಕೊಂಡಾಗ ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ.

ಪುಸ್ತಕ ಅಚ್ಚಾಗಿ ಕಾಣುವುದಕ್ಕೆ ತಾನಿರೆನೆಂದು ಕೊನೆಯ ಅಧ್ಯಾಯದಲ್ಲಿ ಅವನು ಹೇಳಿದುದು ನಿಜವಾಯಿತು. ಕೊಲೆಯ ವಿವರ, ಸೆರೆಸಿಕ್ಕ ಮೂವರ ಹೆಸರುಗಳು ಹೇಲಿಯ ಉಪಸಂಹಾರದಲ್ಲಿವೆ. 1966ರಲ್ಲಿ ಮೂವರಿಗೂ ಜೀವಾವಧಿ ಶಿಕ್ಷೆಯಾಯಿತು. ಅವರಲ್ಲಿ ಅಪರಾಧವನ್ನು ಒಪ್ಪಿಕೊಂಡವನೇ ಉಳಿದಿಬ್ಬರು ನಿರ್ದೋಷಿಗಳೆಂದು ಹೇಳಿದರೂ ಅದು ನಡೆಯಲಿಲ್ಲ. ಮುಹಮ್ಮದ್ ಅಜೀಜ್ 1985ರವರೆಗೆ, ಖಲೀಲ್ ಇಸ್ಲಾಮ್ 1987ರವರೆಗೆ ಸೆರೆಯಲ್ಲಿದ್ದರು. ಪೊಲೀಸರೂ ಕೇಂದ್ರ ತನಿಖಾ ಸಂಸ್ಥೆಯೂ ಪ್ರತಿವಾದಿಗಳಿಗೆ ಅನುಕೂಲವಾದ ಸಾಕ್ಷ್ಯವನ್ನು ಮುಚ್ಚಿಟ್ಟಿದ್ದುದು ಹೊರಬಿದ್ದು, ನ್ಯಾಯಾಲಯ ಇಬ್ಬರ ಮೇಲಿನ ತೀರ್ಪನ್ನೂ ರದ್ದುಮಾಡಿದುದು 2021ರ ನವೆಂಬರಿನಲ್ಲಿ. ಖಲೀಲ್ ಇಸ್ಲಾಮ್ ತೀರಿಕೊಂಡು ಆಗ ಹನ್ನೆರಡು ವರ್ಷಗಳಾಗಿದ್ದುವು. ಮರುವರ್ಷ ನ್ಯೂಯಾರ್ಕ್ ನಗರವೂ ರಾಜ್ಯವೂ ಸೇರಿ 36 ಮಿಲಿಯನ್ ಡಾಲರ್ ಪರಿಹಾರ ಕೊಡಲು ಒಪ್ಪಿದುವು. ಗ್ರಂಥದ ಬೇರೆ ಪುಟಗಳನ್ನು ತಿದ್ದದೆ ಬಿಟ್ಟುದು ಸರಿ. ಉಪಸಂಹಾರದ ಈ ಒಂದು ಪುಟವನ್ನು ಮಾತ್ರ, ಅದರ ಅಡಿಯಲ್ಲಿ 2021ರ ತೀರ್ಪನ್ನು ಅಚ್ಚುಮಾಡದೆ, ಯಾವ ಭಾಷೆಯಲ್ಲಿಯೂ ಮತ್ತೆ ಅಚ್ಚುಮಾಡತಕ್ಕದ್ದಲ್ಲ.